ಅಂಚೆಯ ಕಲೆ

೧

ಮನೆಗೆ ಬಂದ ಕಾಗದದ ಮೂಲೆಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿದ್ದರೆ, ಒಡೆದು ಓದುವುದಕ್ಕೆ ಮೊದಲೇ ಅದು ಮಂಗಳವಾರ್ತೆಯೆಂದು ಕನ್ನಡ ನಾಡಿನಲ್ಲಿ ಅಕ್ಷರ ಬಾರದವರಿಗೂ ತಿಳಿಯುವುದು. ಸಾವಿನ ಸುದ್ದಿಯನ್ನು ತಂದ ಕಾಗದವನ್ನಾದರೋ ಓದಿದೊಡನೆ ಹರಿದುಹಾಕುವ ವಾಡಿಕೆ ಬಹುಕಾಲ ನಡೆದುಬಂದಿತು; ಅದನ್ನು ಉಳಿದ ಕಾಗದಗಳೊಡನೆ ತಂತಿಗೆ ಚುಚ್ಚಿ ಇಡುತ್ತಿರಲಿಲ್ಲ. ‘ಉಭಯಕುಶಲೋಪರಿ’ ಎಂಬ ಒಕ್ಕಣೆ ಎಲ್ಲರ ಕಾಗದಗಳಲ್ಲಿಯೂ ಒಂದೇ. ಆದರೂ ಅಕ್ಷರದ ಓಟ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದ ಸಾಲು, ಮಸಿಯ ಕಲೆ ಇವುಗಳಿಂದ ಬರೆದವರ ಮನಸ್ಸಿನ ಸ್ಥಿತಿಯನ್ನು ಓದುವವರು ಊಹಿಸುತ್ತಿದ್ದರು. ಕಾಗದವೆಂಬುದು ಸುದ್ದಿಯನ್ನು ಹೊರುವ ಚೀಲ ಮಾತ್ರವಲ್ಲ. ಒಬ್ಬರ ಕೈಯಿಂದ ಹೊರಟು ಇನ್ನೊಬ್ಬರ ಕೈಯನ್ನು ಸೇರಿದ ವಸ್ತುವೂ ಅಹುದು.

ಈ ಸಾಮಾನ್ಯ ಅನುಭವವನ್ನೇ ಹಿಡಿದುಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಒಂದು ಕಲೆ ಬೆಳೆಯಿತು. ಕೈಯಿಂದ ಚಿತ್ರ ಬರೆದ ಕಾರ್ಡು, ಹಳೆಯ ಕಾಗದದ ಚೂರುಗಳನ್ನು ಅಂಟಿಸಿ ಮಾಡಿದ ಲಕೋಟೆ, ರಬ್ಬರಿನಲ್ಲಿ ಕೆತ್ತಿದ ಮೊಹರು, ಕಲಾವಿದನೇ ಕಲ್ಪಿಸಿ ಒತ್ತಿದ ಅಂಚೆಚೀಟಿ ಮುಂತಾದವು ಇದರ ಸಾಮಗ್ರಿ. ಇವುಗಳನ್ನು ಮಾರುವುದಿಲ್ಲ. ಮಾಡಿದವರು ಮತ್ತೊಂದು ಊರಿನ, ಬಹುಮಟ್ಟಿಗೆ ಮತ್ತೊಂದು ದೇಶದ ಗೆಳೆಯರಿಗೆ ಟಪಾಲಿನ ಮೂಲಕ ಕಳುಹಿಸುತ್ತಾರೆ. ಅವರು ತಮ್ಮ ಕೈಯಿಂದ ಮಾಡಿದ ಇನ್ನೊಂದನ್ನು ಮರುಟಪಾಲಿಗೆ ಕಳುಹಿಸುತ್ತಾರೆ. ಇಂಗ್ಲಿಷಿನಲ್ಲಿ ‘ಮೇಲ್ ಆರ್ಟ್’ ಎಂದು ಹೆಸರಾದ ಇದನ್ನು ಕನ್ನಡದಲ್ಲಿ ಅಂಚೆಕಲೆ ಎನ್ನಬಹುದು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ನಳನಿಗೂ ದಮಯಂತಿಗೂ ನಡುವೆ ಮಾತು ಒಯ್ದುದು ಹಂಸವೇ. ಟಪಾಲಿನ ಅಂಚೆಗೂ ಆ ಹಕ್ಕಿಗೂ ನಂಟಿರಲಿ ಇಲ್ಲದಿರಲಿ, ಈ ಕಲೆಗೆ ಎರಡು ಅರ್ಥಗಳೂ ಒಪ್ಪುವುವು.

ಮೇಲುನೋಟಕ್ಕೆ ಇದು ಬಿಡುವುಳ್ಳವರ ವಿನೋದದಂತೆ ಕಾಣುವುದು. ಆದರೆ ೧೯೭೦ರ ದಶಕದಲ್ಲಿ ಈ ವಿನೋದಕ್ಕಾಗಿ ಕೆಲವರು ಸೆರೆಮನೆ ಕಂಡರು. ಸೈನ್ಯವೂ ಪೋಲೀಸೂ ಕೈಯಲ್ಲಿದ್ದ ಸರಕಾರಗಳು ಅಂಗೈಯಗಲದ ಕಾರ್ಡಿಗೆ ಏಕೆ ಹೆದರಿದವು, ಒಬ್ಬರನ್ನೊಬ್ಬರು ಕಂಡರಿಯದ ಗೆಳೆಯರು ಆ ಕಾಲದಲ್ಲಿ ಏನು ಮಾಡಿದರು ಎಂಬುದೇ ಅಂಚೆಕಲೆಯ ಚರಿತ್ರೆಯಲ್ಲಿ ಮುಖ್ಯವಾಗಿ ವಿಚಾರಿಸತಕ್ಕ ಸಂಗತಿ.

೨

ಮೊದಲು ಇದಕ್ಕೆ ದಾರಿ ಮಾಡಿಕೊಟ್ಟ ಏರ್ಪಾಡನ್ನು ತಿಳಿಯಬೇಕು. ಲಕೋಟೆಯಿಲ್ಲದ ತೆರೆದ ಕಾರ್ಡನ್ನು ಟಪಾಲಿಗೆ ಹಾಕಬಹುದೆಂಬ ಸಲಹೆಯನ್ನು ೧೮೬೫ರಲ್ಲಿ ಜರ್ಮನಿಯ ಹೈನ್ರಿಖ್ ಫಾನ್ ಸ್ಟೆಫಾನನು ಮುಂದಿಟ್ಟಾಗ ಅದು ಒಪ್ಪಿಗೆಯಾಗಲಿಲ್ಲ. ಮನೆಯ ಮಾತನ್ನು ಹಾದಿಹೋಕರೂ ಓದುವಂತೆ ತೆರೆದು ಬರೆಯುವುದು ಮರ್ಯಾದೆಯಲ್ಲವೆಂಬುದು ಅಂದಿನವರ ಒಂದು ಆಕ್ಷೇಪಣೆ. ನಾಲ್ಕು ವರ್ಷಗಳ ತರುವಾಯ ಆಸ್ಟ್ರಿಯದ ಅರ್ಥಶಾಸ್ತ್ರದ ಉಪಾಧ್ಯಾಯ ಎಮಾನ್ಯುಯೆಲ್ ಹೆರ್ಮಾನನು ಅದೇ ಸಲಹೆಯನ್ನು ಪತ್ರಿಕೆಯಲ್ಲಿ ಬರೆದನು. ೧೮೬೯ನೆಯ ಅಕ್ಟೋಬರ್ ೧ರಂದು ಆಸ್ಟ್ರಿಯ-ಹಂಗರಿ ರಾಜ್ಯದಲ್ಲಿ ಪ್ರಪಂಚದ ಮೊದಲನೆಯ ಸರಕಾರಿ ಕಾರ್ಡು ಹೊರಟಿತು. ಹಿಂದೂದೇಶದಲ್ಲಿ ಕಾಲಾಣೆಯ ಕಾರ್ಡು ಬಂದುದು ೧೮೭೯ನೆಯ ಜುಲೈ ತಿಂಗಳಲ್ಲಿ.

ಇದಕ್ಕಿಂತಲೂ ದೊಡ್ಡ ಮಾರ್ಪಾಟು ೧೮೭೪ರಲ್ಲಿ ನಡೆಯಿತು. ಆ ಮೊದಲು ಒಂದು ಕಾಗದ ನಾಲ್ಕು ರಾಜ್ಯಗಳನ್ನು ದಾಟಬೇಕಾದರೆ ನಾಲ್ಕು ಬಗೆಯ ಕರಾರು, ನಾಲ್ಕು ಬಗೆಯ ದರ. ಸ್ಟೆಫಾನನ ಪ್ರಯತ್ನದಿಂದ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಇಪ್ಪತ್ತೆರಡು ರಾಷ್ಟ್ರಗಳ ಪ್ರತಿನಿಧಿಗಳು ಕೂಡಿದರು. ಅಕ್ಟೋಬರ್ ೯ರಂದು ಒಪ್ಪಂದವಾಯಿತು. ಅದರಿಂದ ಹುಟ್ಟಿದ ಸಂಘವೇ ಮುಂದೆ ವಿಶ್ವ ಅಂಚೆ ಒಕ್ಕೂಟವೆನಿಸಿತು. ಒಪ್ಪಂದದಲ್ಲಿ ಸೇರಿದ ದೇಶಗಳೆಲ್ಲವೂ ಪತ್ರಗಳ ಮಟ್ಟಿಗೆ ಒಂದೇ ಸೀಮೆ ಎಂಬುದು ಅಲ್ಲಿಯ ಮೂಲತತ್ತ್ವ. ಹಿಂದೂದೇಶವು ೧೮೭೬ರಲ್ಲಿ ಸೇರಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಮೈಸೂರಿನ ಅಂಚೆ ಇಲಾಖೆಯು ೧೮೮೯ರಲ್ಲಿ ಇಂಡಿಯಾ ಸರಕಾರದ ಅಂಚೆಯಲ್ಲಿ ಕೂಡಿಹೋಯಿತು. ಮೈಸೂರು ಸೀಮೆಯ ಕಾಗದವೂ ಆ ದೊಡ್ಡ ಸೀಮೆಯೊಳಗಿನದಾಯಿತು.

ಬರ್ನ್ ಒಪ್ಪಂದದ ಇನ್ನೊಂದು ಅಂಶ ಗಮನಾರ್ಹವಾಗಿದೆ. ಅಂಚೆಚೀಟಿಯ ಹಣ ಕಾಗದ ಹೊರಟ ದೇಶಕ್ಕೇ ಸಲ್ಲುವುದು. ಅದನ್ನು ಮನೆಬಾಗಿಲಿಗೆ ಮುಟ್ಟಿಸುವ ದೇಶವು ಏನನ್ನೂ ಕೇಳುವಂತಿಲ್ಲ. ಒಂದು ಕಾಗದ ಹೋದರೆ ಅದಕ್ಕೊಂದು ಉತ್ತರ ಬಂದೇ ಬರುವುದು, ಆದುದರಿಂದ ಲೆಕ್ಕ ಸರಿಹೋಗುವುದು ಎಂಬ ನಂಬಿಕೆ ಇದಕ್ಕೆ ಆಧಾರ. ವ್ಯವಹಾರ ಬಲ್ಲ ರಾಜಕಾರಣಿಗಳು ಮರುಓಲೆಯ ಸೌಜನ್ಯವನ್ನು ನಂಬಿ ಒಂದು ಜಾಗತಿಕ ಒಡಂಬಡಿಕೆ ಮಾಡಿಕೊಂಡುದು ವಿಶೇಷವಲ್ಲವೆ? ಸುಮಾರು ನೂರು ವರ್ಷಗಳ ಕಾಲ ಈ ಏರ್ಪಾಡು ನಡೆಯಿತು. ಅಂಚೆಕಲೆಯೂ ಅದೇ ನಂಬಿಕೆಯ ಮೇಲೆ ನಿಂತುದು.

೩

ಕಲಾವಿದರು ಕಾರ್ಡಿನ ಮೇಲೆ ಚಿತ್ರ ಬರೆದು ಸ್ನೇಹಿತರಿಗೆ ಕಳುಹಿಸುವುದು ಕಾರ್ಡಿನೊಡನೆಯೇ ಹುಟ್ಟಿದ ಅಭ್ಯಾಸ. ಅವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು ಜರ್ಮನಿಯ ಚಿತ್ರಗಾರ ಫ್ರಾಂಟ್ಸ್ ಮಾರ್ಕನಿಗೂ ಕವಯಿತ್ರಿ ಎಲ್ಸೆ ಲಾಸ್ಕರ್-ಶ್ಯೂಲರಳಿಗೂ ನಡೆದ ಪತ್ರವ್ಯವಹಾರ.

ಅವರ ಪರಿಚಯವಾದುದು ೧೯೧೨ರ ಡಿಸೆಂಬರಿನಲ್ಲಿ, ಬರ್ಲಿನ್ನಿನಲ್ಲಿ. ಆಕೆಯ ಎರಡನೆಯ ವಿವಾಹವು ಆ ವರ್ಷವೇ ಮುರಿದಿತ್ತು; ಕೈಯಲ್ಲಿ ಹಣವಿಲ್ಲದೆ ಬಾಡಿಗೆಯ ಕೋಣೆಗಳಲ್ಲಿ ದಿನ ಕಳೆಯುತ್ತಿದ್ದಳು. ಬಡತನದ ನಡುವೆಯೂ ಕಲ್ಪನೆಯಲ್ಲಿ ತನ್ನನ್ನು ಥೀಬ್ಸ್ ನಗರದ ರಾಜಕುಮಾರ ಯೂಸುಫನೆಂದು ಭಾವಿಸಿಕೊಂಡು ಆ ಹೆಸರಿನಿಂದಲೇ ಕಾಗದ ಬರೆಯುತ್ತಿದ್ದಳು. ಮಾರ್ಕನು ಬವೇರಿಯದ ಸಿಂಡೆಲ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿದ್ದನು. ಆತನು ಆಕೆಯ ಕಲ್ಪನೆಯನ್ನು ನಗೆಯಾಡಲಿಲ್ಲ. ಆ ರಾಜ್ಯದ ಪ್ರಾಣಿಗಳನ್ನು ಒಂದೊಂದಾಗಿ ಕಾರ್ಡುಗಳ ಮೇಲೆ ಬರೆದು ಕಳುಹಿಸತೊಡಗಿದನು. ರಾಜಕುಮಾರನ ಯುದ್ಧದ ಕುದುರೆ, ನಿಂಬೆಯ ಬಣ್ಣದ ಕುದುರೆ, ಬೆಂಕಿಯ ಬಣ್ಣದ ಎತ್ತು ಹೀಗೆ ಎರಡು ವರ್ಷಗಳಿಗೂ ಕಡಿಮೆಯ ಅವಧಿಯಲ್ಲಿ ಇಪ್ಪತ್ತೆಂಟು ಕಾರ್ಡುಗಳು ಹೋದವು. ಆಕೆಯೂ ಚಿತ್ರ ಸೇರಿಸಿದ ಓಲೆಗಳಿಂದ ಉತ್ತರ ಕೊಟ್ಟಳು; ಆ ಓಲೆಗಳಿಂದಲೇ ‘ಮಲಿಕ್’ ಎಂಬ ಆಕೆಯ ಗ್ರಂಥ ಬೆಳೆದು ೧೯೧೯ರಲ್ಲಿ ಪ್ರಕಟವಾಯಿತು.

೧೯೧೩ನೆಯ ಹೊಸ ವರ್ಷದ ಶುಭಾಶಯವಾಗಿ ಮಾರ್ಕನು ಕಳುಹಿಸಿದ ಕಾರ್ಡಿನಲ್ಲಿ ನಾಲ್ಕು ನೀಲಿ ಕುದುರೆಗಳು ಒಂದರ ಮೇಲೊಂದು ಗೋಪುರದಂತೆ ನಿಂತಿವೆ. ಕವಯಿತ್ರಿಗೆ ಪ್ರಿಯವಾದ ಬಿದಿಗೆಯ ಚಂದ್ರ, ನಕ್ಷತ್ರ ಇವು ಅವುಗಳ ಮೈಮೇಲೆ ಕಾಣುತ್ತವೆ. ಅದೇ ವರ್ಷ ಆತನು ಆ ಚಿತ್ರವನ್ನು ಎರಡು ಮೀಟರು ಎತ್ತರದ ಬಟ್ಟೆಯ ಮೇಲೆ ದೊಡ್ಡದಾಗಿ ರಚಿಸಿದನು. ಮರುವರ್ಷ ಮಹಾಯುದ್ಧ ಮೊದಲಾಯಿತು. ೧೯೧೬ನೆಯ ಮಾರ್ಚ್ ೪ರಂದು ವೆರ್ಡನ್ನಿನ ಬಳಿ ಮಾರ್ಕನು ಮಡಿದನು. ಆಗ ಆತನಿಗೆ ಮೂವತ್ತಾರು ವರ್ಷ. ದೊಡ್ಡ ಚಿತ್ರವು ೧೯೧೯ರಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯನ್ನು ಸೇರಿ ಆ ಕಾಲದ ಜರ್ಮನ್ ಕಲೆಯ ಕಿರೀಟವೆನಿಸಿತು. ಹಿಟ್ಲರನ ಸರಕಾರವು ೧೯೩೭ರಲ್ಲಿ ಅದನ್ನು ಕಿತ್ತುಕೊಂಡು ಮ್ಯೂನಿಕ್ಕಿನಲ್ಲಿ ‘ಭ್ರಷ್ಟ ಕಲೆ’ಯ ಪ್ರದರ್ಶನದಲ್ಲಿ ನಿಲ್ಲಿಸಿತು. ದೇಶಕ್ಕಾಗಿ ಪ್ರಾಣ ಕೊಟ್ಟವನ ಚಿತ್ರವನ್ನು ಹೀಗೆ ಅವಮಾನಪಡಿಸಬಾರದೆಂದು ಸೈನ್ಯಾಧಿಕಾರಿಗಳ ಸಂಘದವರು ಆಕ್ಷೇಪಿಸಿದ್ದರಿಂದ ಅಲ್ಲಿಂದ ತೆಗೆದರು. ಆಮೇಲೆ ಅದು ಗೋರಿಂಗನ ವಶಕ್ಕೆ ಹೋಯಿತು. ೧೯೪೫ರಿಂದೀಚೆಗೆ ಅದರ ಸುಳಿವಿಲ್ಲ. ಯೆಹೂದಿಯಾಗಿದ್ದ ಲಾಸ್ಕರ್-ಶ್ಯೂಲರಳು ೧೯೩೩ರಲ್ಲಿ ಜರ್ಮನಿಯನ್ನು ಬಿಟ್ಟೋಡಿ, ೧೯೪೫ರ ಜನವರಿಯಲ್ಲಿ ಜೆರೂಸಲೇಮಿನಲ್ಲಿ ತೀರಿಕೊಂಡಳು.

ಹೊಸ ವರ್ಷದ ಕಾರ್ಡಾದರೋ ಉಳಿದುಕೊಂಡಿದೆ. ಮ್ಯೂನಿಕ್ಕಿನ ಸರಕಾರಿ ಸಂಗ್ರಹದಲ್ಲಿದೆ. ಅದರ ಉದ್ದ ಒಂದು ಗೇಣಿಗಿಂತ ಕಡಿಮೆ. ಕಳೆದುಹೋದ ಮಹಾಚಿತ್ರದ ಬಣ್ಣಗಳ ಮೊದಲ ಭಾವನೆ ಹೇಗಿತ್ತೆಂದು ತಿಳಿಯಬೇಕಾದವರು ಇಂದು ಆ ಕಾರ್ಡನ್ನು ನೋಡಬೇಕಾಗಿದೆ. ಚಿತ್ರಶಾಲೆಗೆಂದು ಮಾಡಿದುದು ಹೋಯಿತು. ಒಬ್ಬ ಸ್ನೇಹಿತೆಗೆಂದು ಮಾಡಿದುದು ನಿಂತಿತು.

ಭಾರತದಲ್ಲಿಯೂ ಈ ಅಭ್ಯಾಸಕ್ಕೆ ಉತ್ತಮವಾದ ನಿದರ್ಶನವುಂಟು. ಮೈಸೂರಿನ ಕೆ. ವೆಂಕಟಪ್ಪನವರೊಡನೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ನಂದಲಾಲ ಬಸು ಅವರು ಶಾಂತಿನಿಕೇತನದಿಂದ ಶಿಷ್ಯರಿಗೂ ಮಿತ್ರರಿಗೂ ಕಳುಹಿಸಿದ ಕಾರ್ಡುಗಳು ಅನೇಕ. ದಾರಿಯಲ್ಲಿ ಕಂಡ ಮರ, ಎಮ್ಮೆ, ಸಂತೆಯ ಜನ ಇವು ನಾಲ್ಕಾರು ಗೆರೆಗಳಲ್ಲಿ ಅಲ್ಲಿ ಮೂಡಿವೆ. ದೊಡ್ಡ ಭಿತ್ತಿಚಿತ್ರಗಳಲ್ಲಿ ಕಾಣದ ಅವರ ಮನೆಯ ಮಾತು ಅವುಗಳಲ್ಲಿದೆ.

೪

ಮೇಲೆ ಹೇಳಿದುದೆಲ್ಲ ಇಬ್ಬರು ಪರಿಚಿತರ ನಡುವಿನ ವ್ಯವಹಾರ. ಅದನ್ನು ಹಲವರ ಜಾಲವನ್ನಾಗಿ ಹಬ್ಬಿಸಿದವನು ಅಮೆರಿಕದ ರೇ ಜಾನ್ಸನ್. ೧೯೨೭ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಈತನು ಬ್ಲ್ಯಾಕ್ ಮೌಂಟನ್ ವಿದ್ಯಾಲಯದಲ್ಲಿ ಕಲಿತು ನ್ಯೂಯಾರ್ಕಿನಲ್ಲಿ ನೆಲೆಸಿದನು. ಆತನು ಒಂದು ಚಿತ್ರವನ್ನೋ ಪತ್ರಿಕೆಯ ಚೂರನ್ನೋ ಪರಿಚಿತನೊಬ್ಬನಿಗೆ ಕಳುಹಿಸಿ, ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳುಹಿಸಿರಿ, ಇಲ್ಲವೆ ತನಗೇ ಹಿಂದಕ್ಕೆ ಕಳುಹಿಸಿರಿ ಎಂದು ಬರೆಯುತ್ತಿದ್ದನು. ಹೀಗೆ ಒಂದೇ ಹಾಳೆ ನಾಲ್ಕೈದು ಜನರ ಕೈ ದಾಟಿ ಯಾರೊಬ್ಬರದೂ ಅಲ್ಲದ ಕೃತಿಯಾಗುತ್ತಿತ್ತು. ೧೯೬೨ರಲ್ಲಿ ಗೆಳೆಯನೊಬ್ಬನು ಈ ಬಳಗಕ್ಕೆ ‘ನ್ಯೂಯಾರ್ಕ್ ಕರೆಸ್ಪಾಂಡೆನ್ಸ್ ಸ್ಕೂಲ್’, ಎಂದರೆ ಪತ್ರವ್ಯವಹಾರದ ಪಾಠಶಾಲೆ, ಎಂದು ಹೆಸರಿಟ್ಟನು. ಜಾನ್ಸನನು ಆ ಮಾತಿನ ಕೊನೆಯ ಕಾಗುಣಿತವನ್ನು ಬೇಕೆಂದೇ ತಿದ್ದಿ ‘ಡಾನ್ಸ್’ ಎಂದು ಮಾಡಿ, ಪತ್ರವ್ಯವಹಾರವನ್ನು ಕುಣಿತವನ್ನಾಗಿಸಿದನು. ೧೯೭೦ರಲ್ಲಿ ನ್ಯೂಯಾರ್ಕಿನ ವ್ಹಿಟ್ನಿ ಕಲಾಶಾಲೆಯವರು ಪ್ರದರ್ಶನಕ್ಕೆ ಕರೆದಾಗ ಜಾನ್ಸನನು ತನ್ನ ಪರಿಚಿತರಿಗೆಲ್ಲ ನೇರವಾಗಿ ಅಲ್ಲಿಗೇ ಟಪಾಲು ಕಳುಹಿಸುವಂತೆ ಬರೆದನು. ಬಂದುದೆಲ್ಲವನ್ನೂ ಗೋಡೆಗೆ ಹಾಕಿದರು. ೧೯೯೫ನೆಯ ಜನವರಿಯಲ್ಲಿ ಆತನು ಸೇತುವೆಯಿಂದ ನೀರಿಗೆ ಬಿದ್ದು ಜೀವ ಬಿಟ್ಟನು.

೧೯೭೦ರ ದಶಕದಲ್ಲಿ ಅಂಚೆಕಲೆಯ ಪ್ರದರ್ಶನಗಳಿಗೆ ಮೂರು ಕಟ್ಟಳೆಗಳು ರೂಢಿಗೆ ಬಂದವು. ಬಂದುದೆಲ್ಲವನ್ನೂ ತೋರಿಸಬೇಕು, ಆರಿಸಿ ಬಿಡಬಾರದು. ಯಾವುದನ್ನೂ ಹಿಂದಿರುಗಿಸಬೇಕಾಗಿಲ್ಲ. ಕಳುಹಿಸಿದವರೆಲ್ಲರಿಗೂ ಎಲ್ಲರ ಹೆಸರು ವಿಳಾಸಗಳ ಪಟ್ಟಿಯನ್ನು ಕಳುಹಿಸಬೇಕು. ಮೂರನೆಯದು ಚಿಕ್ಕದಾಗಿ ಕಂಡರೂ ಅದರಲ್ಲಿಯೇ ಜಾಲದ ಪ್ರಾಣವಿದೆ. ಒಂದು ಊರಿನಲ್ಲಿ ನಡೆದ ಪ್ರದರ್ಶನದಿಂದ ಹತ್ತಾರು ದೇಶಗಳ ನೂರಾರು ಜನರಿಗೆ ಹೊಸ ವಿಳಾಸಗಳು ದೊರೆಯುತ್ತಿದ್ದವು. ಪ್ರವೇಶಕ್ಕೆ ಹಣವಿಲ್ಲ, ಬಹುಮಾನವಿಲ್ಲ, ಮಾರಾಟವಿಲ್ಲ. ದುಡ್ಡಿಗೂ ಅಂಚೆಕಲೆಗೂ ಕೂಡದೆಂಬುದು ಈ ಬಳಗದಲ್ಲಿ ಗಾದೆಯ ಮಾತಾಯಿತು.

೫

ಈ ವಿಳಾಸದ ಪಟ್ಟಿಗಳು ಪೂರ್ವ ಯೂರೋಪಿಗೆ ತಲುಪಿದಾಗ ಅವುಗಳ ಅರ್ಥವೇ ಬದಲಾಯಿತು. ಅಮೆರಿಕದವನಿಗೆ ಚಿತ್ರಶಾಲೆಯ ಬಾಗಿಲು ತೆರೆಯದಿದ್ದರೆ ಅಂಚೆಪೆಟ್ಟಿಗೆಯು ಇನ್ನೊಂದು ಬಾಗಿಲು. ಪೋಲೆಂಡ್, ಹಂಗರಿ, ಪೂರ್ವ ಜರ್ಮನಿಗಳ ಕಲಾವಿದನಿಗೆ ದೇಶದ ಗಡಿಯೇ ಮುಚ್ಚಿತ್ತು. ಅಚ್ಚುಹಾಕಿಸುವುದಕ್ಕೆ ಸರಕಾರದ ಅಪ್ಪಣೆ ಬೇಕಾಗಿತ್ತು. ಅಂಚೆ ಮಾತ್ರ ನಡೆಯುತ್ತಿತ್ತು, ಏಕೆಂದರೆ ಆ ಸರಕಾರಗಳೂ ಬರ್ನ್ ಒಪ್ಪಂದದಲ್ಲಿ ಸೇರಿದವು.

ಪೋಲೆಂಡಿನ ಪೊಜ್ನಾನ್ ನಗರದಲ್ಲಿ ಯಾರೊಸ್ವಾಫ್ ಕೊಜ್ವೊಫ್ಸ್ಕಿ ಎಂಬ ಕಲಾವಿದನೂ ಆಂಜೆಯ್ ಕೊಸ್ತೊವೊಫ್ಸ್ಕಿ ಎಂಬ ವಿಮರ್ಶಕನೂ ೧೯೭೧ರಲ್ಲಿ ‘ನೆಟ್’, ಎಂದರೆ ಬಲೆ, ಎಂಬ ಹೆಸರಿನಿಂದ ಒಂದು ಹೇಳಿಕೆಯನ್ನು ಬರೆದು ಹಲವು ದೇಶಗಳ ನೂರಾರು ವಿಳಾಸಗಳಿಗೆ ಕಳುಹಿಸಿದರು. ಈ ಬಲೆಗೆ ನಡುವಣ ಕೇಂದ್ರವಿಲ್ಲ, ಒಡೆಯನಿಲ್ಲ, ಯಾರ ಮನೆಯಲ್ಲಿ ಬೇಕಾದರೂ ಇದು ಸೇರಬಹುದು ಎಂಬುದು ಅದರ ಸಾರ. ಉತ್ತರವಾಗಿ ಬಂದ ಚಿತ್ರಗಳನ್ನೂ ಕಾಗದಗಳನ್ನೂ ಕೊಜ್ವೊಫ್ಸ್ಕಿಯು ೧೯೭೨ನೆಯ ಮೇ ೨೨ರಂದು ತನ್ನ ಮನೆಯಲ್ಲಿ ಹತ್ತು ಹನ್ನೊಂದು ಜನ ಸ್ನೇಹಿತರಿಗೆ ತೋರಿಸುತ್ತಿದ್ದಾಗ ಪೋಲೀಸಿನವರು ಒಳನುಗ್ಗಿ ಎಲ್ಲವನ್ನೂ ವಶಪಡಿಸಿಕೊಂಡರು. ಕೇಂದ್ರವಿಲ್ಲದ, ಒಡೆಯನಿಲ್ಲದ ಕೂಟವೆಂದರೆ ಎಲ್ಲವನ್ನೂ ಕೇಂದ್ರದಿಂದಲೇ ಆಳುವವರಿಗೆ ಅರ್ಥವಾಗದ ವಸ್ತು. ಅರ್ಥವಾಗದುದರಿಂದಲೇ ಅದು ಅವರಿಗೆ ಸಂಶಯಾಸ್ಪದವಾಗಿ ತೋರಿತು.

ಪೂರ್ವ ಬರ್ಲಿನ್ನಿನಲ್ಲಿ ರಾಬರ್ಟ್ ರೇಫೆಲ್ಟನು ಈ ಜಾಲದ ಮುಖ್ಯ ಗಂಟಾಗಿದ್ದನು. ಆತನ ಹೆಂಡತಿ ರೂತ್ ವೋಲ್ಫ್-ರೇಫೆಲ್ಟಳ ಕೆಲಸ ಇನ್ನೂ ವಿಶೇಷವಾದುದು. ೧೯೩೨ರಲ್ಲಿ ಸ್ಯಾಕ್ಸನಿಯ ವುರ್ಟ್ಸೆನ್ ಊರಿನಲ್ಲಿ ಹುಟ್ಟಿದ ಆಕೆ ಕಲಾಶಾಲೆಯಲ್ಲಿ ಕಲಿತವಳಲ್ಲ; ಬರ್ಲಿನ್ನಿನ ಕಲಾ ಅಕಾಡೆಮಿಯ ಪ್ರದರ್ಶನ ಶಾಖೆಯಲ್ಲಿ ಕಚೇರಿಯ ಕೆಲಸಕ್ಕಿದ್ದಳು. ಕಚೇರಿಯ ಕಾಗದ ಬರೆಯುವ ಟೈಪ್‌ರೈಟರೇ ೧೯೭೦ರ ದಶಕದ ಮೊದಲಲ್ಲಿ ಆಕೆಯ ಕುಂಚವಾಯಿತು. ‘ಎರಿಕಾ’ ಎಂಬ ಆ ಯಂತ್ರದ ಅಕ್ಷರ, ಚುಕ್ಕೆ, ಅಡ್ಡಗೆರೆಗಳನ್ನು ಸಾಲು ಸಾಲಾಗಿ ಒತ್ತಿ ಅಲೆ, ಚಿಟ್ಟೆ, ಪಂಜರ, ಒಂದರೊಳಗೊಂದು ಸೇರಿದ ಪೆಟ್ಟಿಗೆ ಇವುಗಳನ್ನು ಆಕೆ ಮೂಡಿಸಿದಳು. ಕಾರ್ಬನ್ ಕಾಗದವಿಟ್ಟರೆ ಒಂದೇ ಸಲಕ್ಕೆ ಹಲವು ಪ್ರತಿಗಳಾಗುತ್ತಿದ್ದವು. ದೂರದಿಂದ ನೋಡಿದರೆ ಹೆಣಿಗೆಯ ಕಸೂತಿ, ಹತ್ತಿರದಿಂದ ನೋಡಿದರೆ ಅಕ್ಷರ. ಆ ಹಾಳೆಗಳು ಲಕೋಟೆಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಅಮೆರಿಕಗಳಿಗೆ ಹೋದವು. ಗೋಡೆಯನ್ನು ದಾಟಲಾರದವಳ ಕೈಗೆಲಸ ಎಲ್ಲ ಖಂಡಗಳನ್ನೂ ಸುತ್ತಿತು.

ಆ ದೇಶದ ರಹಸ್ಯ ಪೋಲೀಸಿನಲ್ಲಿ ಟಪಾಲನ್ನು ಒಡೆದು ನೋಡುವುದಕ್ಕೆಂದೇ ಒಂದು ಶಾಖೆಯಿದ್ದಿತು. ಬಚ್ಚಿಟ್ಟ ಮಾತನ್ನು ಹುಡುಕುವುದರಲ್ಲಿ ಅವರು ನಿಪುಣರು. ಆದರೆ ಅಂಚೆಕಲೆಯ ಕಾರ್ಡಿನಲ್ಲಿ ಬಚ್ಚಿಟ್ಟುದೇನೂ ಇಲ್ಲ. ಎಲ್ಲವೂ ತೆರೆದೇ ಇರುವುದು. ಪಂಜರದ ಚಿತ್ರವನ್ನು ಟೈಪು ಮಾಡಿದವಳು ಯಾವ ಕಾನೂನನ್ನು ಮುರಿದಳು? ಕಲೆಯ ಈ ಬಯಲುತನವೇ ಅದಕ್ಕೆ ಕವಚವಾಯಿತೆಂದರೆ ತಪ್ಪಾಗಲಾರದು.

ಗೋಡೆ ಬಿದ್ದು ಎರಡು ಜರ್ಮನಿಗಳೂ ೧೯೯೦ರಲ್ಲಿ ಒಂದಾದ ಮೇಲೆ ವೋಲ್ಫ್-ರೇಫೆಲ್ಟಳು ಚಿತ್ರ ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಬಾಗಿಲು ತೆರೆದ ಮೇಲೆ ಕಿಟಕಿಯ ಅವಶ್ಯಕತೆ ತೀರಿತೆಂದು ಆಕೆಗೆ ತೋರಿರಬೇಕು. ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಆ ಹಾಳೆಗಳು ಮನೆಯಲ್ಲಿಯೇ ಇದ್ದವು. ೨೦೧೭ರಲ್ಲಿ ಕಾಸ್ಸೆಲ್ ನಗರದ ಹೆಸರಾಂತ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿ ಅವು ಲೋಕದ ಕಣ್ಣಿಗೆ ಬಿದ್ದವು. ೨೦೨೨ರಲ್ಲಿ ಬರ್ಲಿನ್ನಿನ ಹನ್ನಾ ಹ್ಯೋಖ್ ಪಾರಿತೋಷಕವೂ ದೊರೆಯಿತು. ೨೦೨೪ರಲ್ಲಿ ಆಕೆ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಹಂಗರಿಯ ಗ್ಯೋರ್ಗಿ ಗಲಾಂತಾಯ್, ಯೂಲಿಯಾ ಕ್ಲಾನಿಟ್ಸಾಯ್ ಎಂಬ ದಂಪತಿಗಳು ೧೯೭೯ರಲ್ಲಿ ಬುಡಾಪೆಸ್ಟಿನ ತಮ್ಮ ಮನೆಯಲ್ಲಿಯೇ ‘ಆರ್ಟ್‌ಪೂಲ್’ ಎಂಬ ಸಂಗ್ರಹವನ್ನು ಮೊದಲು ಮಾಡಿದರು. ೧೯೮೪ರಲ್ಲಿ ಅವರು ಏರ್ಪಡಿಸಿದ ‘ಹಂಗರಿ ನಿಮ್ಮದಾಗಬಹುದು’ ಎಂಬ ಅಂತರರಾಷ್ಟ್ರೀಯ ಅಂಚೆಕಲೆಯ ಪ್ರದರ್ಶನವನ್ನು ಸರಕಾರವು ಸಾರ್ವಜನಿಕರಿಗೆ ತೆರೆಯಗೊಡಲಿಲ್ಲ. ರಹಸ್ಯ ಪೋಲೀಸರು ಗಲಾಂತಾಯನ ಮೇಲೆ ‘ಚಿತ್ರಕಾರ’ ಎಂಬ ಗುಪ್ತನಾಮದಿಂದ ಕಡತವಿಟ್ಟಿದ್ದರು. ಸರಕಾರ ಬದಲಾದ ಬಳಿಕ ಆ ಕಡತವು ಹೊರಬಂದಾಗ ಒಂದು ವಿಚಿತ್ರ ಕಂಡಿತು. ನೋಡಗೊಡದ ಪ್ರದರ್ಶನದಲ್ಲಿ ಏನೇನಿತ್ತೆಂಬುದನ್ನು ಬೇಹುಗಾರನೊಬ್ಬನು ಒಂದೊಂದಾಗಿ ಬಣ್ಣಿಸಿ ವರದಿ ಬರೆದಿದ್ದನು. ಕಲೆಯನ್ನು ಅಡಗಿಸಹೊರಟವರೇ ಅದರ ಚರಿತ್ರೆಯನ್ನು ಕಾಪಾಡಿದಂತಾಯಿತು. ಆ ಸಂಗ್ರಹವು ೨೦೧೫ರಲ್ಲಿ ಬುಡಾಪೆಸ್ಟಿನ ಲಲಿತಕಲೆಗಳ ಸಂಗ್ರಹಾಲಯವನ್ನು ಸೇರಿತು.

೬

ದಕ್ಷಿಣ ಅಮೆರಿಕದಲ್ಲಿ ಸಂಕಟ ಇನ್ನೂ ಘೋರವಾಗಿತ್ತು. ಅಲ್ಲಿ ಸೈನ್ಯಾಧಿಕಾರಿಗಳ ಆಳ್ವಿಕೆ. ಬ್ರೆಜಿಲಿನ ರೆಸೀಫೆ ನಗರದ ಅಂಚೆ ಕಚೇರಿಯ ಕಟ್ಟಡದಲ್ಲಿಯೇ ಪೌಲೊ ಬ್ರೂಸ್ಕಿ, ಡೇನಿಯೆಲ್ ಸಾಂತ್ಯಾಗೊ ಎಂಬಿಬ್ಬರು ೧೯೭೬ರಲ್ಲಿ ಅಂಚೆಕಲೆಯ ಪ್ರದರ್ಶನವನ್ನು ಏರ್ಪಡಿಸಿದರು. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಪೋಲೀಸರು ಮುಚ್ಚಿಸಿ ಇಬ್ಬರನ್ನೂ ಹಿಡಿದೊಯ್ದರು.

ಅರ್ಜೆಂಟೀನದ ಲಾ ಪ್ಲಾಟಾ ನಗರದಲ್ಲಿ ಎಡ್ಗಾರ್ಡೊ ಅಂಟೋನಿಯೊ ವಿಗೊ ಎಂಬಾತನು ನ್ಯಾಯಾಲಯದ ನೌಕರ. ಬಿಡುವಿನಲ್ಲಿ ಮರದಚ್ಚು ಕೆತ್ತಿ ಲೋಕದ ನಾನಾ ಕಡೆಗೆ ಕಳುಹಿಸುತ್ತಿದ್ದನು. ೧೯೭೬ರಲ್ಲಿ ಸೈನ್ಯವು ಅಧಿಕಾರವನ್ನು ಕಸ ಕೊಂಡ ಕೆಲವು ತಿಂಗಳಲ್ಲಿ ಆತನ ಮಗನನ್ನು ಯಾರೋ ಎತ್ತಿಕೊಂಡು ಹೋದರು. ಆ ಕಾಲದಲ್ಲಿ ಹೀಗೆ ಮಾಯವಾದವರು ಸಾವಿರಾರು ಜನ. ಮನೆಯಲ್ಲಿ ಆ ಹುಡುಗನನ್ನು ‘ಪಲೋಮೊ’ ಎಂದು ಕರೆಯುತ್ತಿದ್ದರು; ಪಾರಿವಾಳವೆಂದು ಅದರ ಅರ್ಥ. ಕಾನೂನಿನ ಕಚೇರಿಯಲ್ಲಿಯೇ ದುಡಿಯುತ್ತಿದ್ದ ತಂದೆಗೆ ಕಾನೂನಿನಿಂದ ಉತ್ತರ ದೊರೆಯಲಿಲ್ಲ. ಆತನೂ ಗೆಳತಿ ಗ್ರಾಸಿಯೆಲಾ ಗುಟಿಯೆರೆಜ್ ಮಾರ್ಕ್ಸಳೂ ‘ಪಲೋಮೊನನ್ನು ಬಿಡಿರಿ’ ಎಂಬ ಮಾತನ್ನು ಅಂಚೆಚೀಟಿಯ ಆಕಾರದಲ್ಲಿ ಒತ್ತಿ ಲಕೋಟೆಗಳಿಗೆ ಅಂಟಿಸಿ ಕಳುಹಿಸಿದರು. ಮಗ ಹಿಂದಿರುಗಲಿಲ್ಲ. ವಿಗೊ ೧೯೯೭ರಲ್ಲಿ ಗತಿಸಿದನು. ಪತ್ರಿಕೆಗಳು ಬರೆಯಲು ಅಂಜಿದ ಒಂದು ಹೆಸರನ್ನು ಆ ಚೀಟಿಗಳು ದೂರದೇಶಗಳ ಮನೆಗಳಿಗೆ ಮುಟ್ಟಿಸಿದವೆಂಬುದೊಂದೇ ಉಳಿದ ಫಲ.

ಉರುಗ್ವೆಯ ಕ್ಲೆಮೆಂಟೆ ಪಾದೀನನ ವೃತ್ತಾಂತದಲ್ಲಿ ಈ ಜಾಲದ ಬಲ ಸ್ಪಷ್ಟವಾಗಿ ಕಾಣುವುದು. ೧೯೩೯ರಲ್ಲಿ ಹುಟ್ಟಿದ ಈ ಕವಿಯು ‘ಓವುಮ್’ ಎಂಬ ಪತ್ರಿಕೆಯನ್ನು ನಡೆಸುತ್ತ, ೧೯೭೪ರಲ್ಲಿ ಮಾಂಟೆವಿಡಿಯೊ ನಗರದಲ್ಲಿ ಚಿತ್ರಕಾರ್ಡುಗಳ ಒಂದು ಉತ್ಸವವನ್ನು ಏರ್ಪಡಿಸಿದನು. ಲ್ಯಾಟಿನ್ ಅಮೆರಿಕದಲ್ಲಿ ಈ ಬಗೆಯ ಮೊದಲನೆಯ ಪ್ರದರ್ಶನವೆಂದು ಅದನ್ನು ಎಣಿಸುತ್ತಾರೆ. ಅದಕ್ಕೆ ಹಿಂದಿನ ವರ್ಷವೇ ಅಲ್ಲಿ ಸರ್ವಾಧಿಕಾರ ಬಂದಿತ್ತು. ಪಾದೀನನೂ ಆತನ ಮಿತ್ರ ಹೋರ್ಹೆ ಕಾರಾಬಾಲ್ಯೊನೂ ಆಳ್ವಿಕೆಯ ಕ್ರೌರ್ಯವನ್ನು ಕಾರ್ಡು ಚೀಟಿಗಳಲ್ಲಿ ಸೂಚಿಸುತ್ತ ಬಂದರು. ೧೯೭೭ನೆಯ ಆಗಸ್ಟಿನಲ್ಲಿ ಇಬ್ಬರನ್ನೂ ಸೆರೆಹಿಡಿದರು. ಸೈನ್ಯದ ಮಾನಕ್ಕೆ ಕುಂದು ತಂದರೆಂಬುದು ಆಪಾದನೆ. ಪಾದೀನನಿಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ವರ್ಷಗಟ್ಟಲೆ ಕೂಡಿಸಿದ್ದ ಆತನ ಪತ್ರಸಂಗ್ರಹವೂ ಕೈಬಿಟ್ಟುಹೋಯಿತು.

ಆಗ ವಿಳಾಸದ ಪಟ್ಟಿಗಳು ಹೊಸ ಕೆಲಸಕ್ಕೆ ಬಂದವು. ಉತ್ತರ ಬಾರದೆ ನಿಂತುದೇ ಗೆಳೆಯರಿಗೆ ಮೊದಲ ಸೂಚನೆ. ಸ್ಯಾನ್ ಫ್ರಾನ್ಸಿಸ್ಕೊದ ಜೆಫ್ರಿ ಕುಕ್ ಮೊದಲಾದವರು ಸುದ್ದಿಯನ್ನು ಹಬ್ಬಿಸಿದರು. ಅಮೆರಿಕ ಯೂರೋಪುಗಳ ಅಂಚೆಕಲಾವಿದರು ಉರುಗ್ವೆಯ ಅಧಿಕಾರಿಗಳಿಗೂ ರಾಯಭಾರಿಗಳಿಗೂ ತಮ್ಮ ತಮ್ಮ ಸರಕಾರಗಳಿಗೂ ಕಾಗದ ಬರೆದರು. ಇಬ್ಬರ ಹೆಸರುಗಳನ್ನು ಮೊಹರು ಮಾಡಿ ತಮ್ಮ ಕಾರ್ಡುಗಳ ಮೇಲೆಲ್ಲ ಒತ್ತಿದರು. ಅವರಲ್ಲಿ ಬಹುಮಂದಿ ಪಾದೀನನ ಮುಖವನ್ನು ಕಂಡವರಲ್ಲ, ಧ್ವನಿಯನ್ನು ಕೇಳಿದವರಲ್ಲ. ಆತನು ಯಾರೆಂದರೆ ಅವರಿಗೆ ಒಂದು ವಿಳಾಸ, ಒಂದು ಕೈಬರಹ, ನಾಲ್ಕೈದು ಚಿತ್ರಗಳು. ಅಷ್ಟೇ ಸಾಕಾಯಿತು. ಇಪ್ಪತ್ತೇಳು ತಿಂಗಳ ಬಳಿಕ, ೧೯೭೯ನೆಯ ನವೆಂಬರಿನಲ್ಲಿ, ಅವಧಿಗೆ ಮುಂಚೆಯೇ ಪಾದೀನನ ಬಿಡುಗಡೆಯಾಯಿತು. ಆಮೇಲೆಯೂ ೧೯೮೪ರವರೆಗೆ ಆತನ ಮೇಲೆ ಕಾವಲಿತ್ತು. ಅದು ಕಳಚಿದೊಡನೆ ಆತನು ಮಾಡಿದ ಕೆಲಸವೆಂದರೆ ಮತ್ತೆ ಕಾರ್ಡು ಕಳುಹಿಸುವುದು, ಬಂದ ಕಾರ್ಡುಗಳಿಂದ ಹೊಸ ಸಂಗ್ರಹವನ್ನು ಕಟ್ಟುವುದು. ಆ ಎರಡನೆಯ ಸಂಗ್ರಹವು ಮುಂದೆ ಮಾಂಟೆವಿಡಿಯೊದ ವಿಶ್ವವಿದ್ಯಾಲಯದ ದಫ್ತರವನ್ನು ಸೇರಿತು.

೭

ಅಂಚೆಕಲೆಯ ದೋಷಗಳನ್ನು ಮರೆಮಾಚಬೇಕಾಗಿಲ್ಲ. ಆರಿಸುವವರಿಲ್ಲದ ಕಣದಲ್ಲಿ ಕಾಳಿಗಿಂತ ಜಳ್ಳೇ ಹೆಚ್ಚು. ಬಂದುದೆಲ್ಲವನ್ನೂ ತೋರಿಸುವ ಪ್ರದರ್ಶನದಲ್ಲಿ ನೋಡುವವರ ಕಣ್ಣು ದಣಿಯುವುದು. ಒಂದೇ ತೆರನ ಮೊಹರು, ಒಂದೇ ತೆರನ ಚೇಷ್ಟೆ ಸಾಲುಗಟ್ಟಿ ನಿಲ್ಲುವುವು. ಹಾಳೆಗಳ ರಾಶಿಯಿಂದ ಚಿತ್ರಕಲೆಯ ಚರಿತ್ರೆಯಲ್ಲಿ ನಿಲ್ಲತಕ್ಕವನ್ನು ಹೆಕ್ಕಿದರೆ ಒಂದು ಸಣ್ಣ ಪೆಟ್ಟಿಗೆ ತುಂಬೀತು. ದುಡ್ಡಿಗೆ ಕೂಡದೆಂದ ಕಲೆಯ ಕಾರ್ಡುಗಳನ್ನೂ ಇಂದು ಸಂಗ್ರಹಾಲಯಗಳು ಗಾಜಿನ ಕೆಳಗೆ ಇಟ್ಟಿವೆ, ವರ್ತಕರು ಬೆಲೆ ಕಟ್ಟಿದ್ದಾರೆ.

ಆದರೆ ಕಾರ್ಡಿನ ಯೋಗ್ಯತೆಯನ್ನು ಗೋಡೆಯ ಚಿತ್ರದ ಯೋಗ್ಯತೆಯಂತೆ ಅಳೆಯಲಾಗದು. ಗೋಡೆಯ ಚಿತ್ರಕ್ಕೆ ನೋಡುವವನು ಯಾರಾದರೂ ಸರಿ. ಕಾರ್ಡಿಗೆ ಒಬ್ಬ ಓದುಗನೇ ಗೊತ್ತು. ಆತನ ಹೆಸರನ್ನು ಅದರ ಮೈಮೇಲೆಯೇ ಬರೆದಿದೆ. ನೀಲಿ ಕುದುರೆಗಳ ಕಾರ್ಡು ಬಡ ಕವಯಿತ್ರಿಯೊಬ್ಬಳ ಹೊಸ ವರ್ಷವನ್ನು ಬೆಳಗಲು ಹೊರಟುದು. ಪಾದೀನನ ಹೆಸರನ್ನು ಒರಟಾಗಿ ಕೆತ್ತಿದ ರಬ್ಬರಿನ ಮೊಹರು ಕಲೆಯ ದೃಷ್ಟಿಯಿಂದ ಅದಕ್ಕೆ ಸಮನಲ್ಲ. ಆದರೂ ಅದು ಒಬ್ಬ ಮನುಷ್ಯನನ್ನು ಮರೆಯಗೊಡಲಿಲ್ಲ. ಸರಕಾರಗಳು ಹೆದರಿದುದು ಚಿತ್ರದ ಚೆಲುವಿಗಲ್ಲ. ತಾವು ಏರ್ಪಡಿಸದ, ತಾವು ಎಣಿಸಲಾರದ ಒಂದು ಸ್ನೇಹವು ತಮ್ಮದೇ ಅಂಚೆಯ ಚೀಲದಲ್ಲಿ ಗಡಿ ದಾಟುತ್ತಿದೆಯೆಂಬುದು ಅವರ ಅಂಜಿಕೆಗೆ ಕಾರಣ. ಆ ಅಂಜಿಕೆ ನಿರಾಧಾರವಾದುದೂ ಅಲ್ಲವೆಂದು ೧೯೭೯ರಲ್ಲಿ ತಿಳಿದುಬಂದಿತು.

ಕಾಗದದ ಕಾಲವೇ ಈಗ ಇಳಿಮುಖವಾಗಿದೆ. ೧೬೨೪ರಲ್ಲಿ ಮೊದಲಾದ ಡೆನ್ಮಾರ್ಕಿನ ಅಂಚೆಯು ಇನ್ನು ಮುಂದೆ ಕಾಗದಗಳನ್ನು ಹಂಚುವುದಿಲ್ಲವೆಂದು ೨೦೨೫ರಲ್ಲಿ ಪ್ರಕಟಿಸಿತು. ಅವಸರದ ಸುದ್ದಿಗೆ ಕಾಗದ ಬೇಕಾಗಿಲ್ಲವೆಂಬುದು ನಿಜ. ಆದರೆ ಕೈಯಿಂದ ಮಾಡಿದುದನ್ನು ಇನ್ನೊಂದು ಕೈಗೆ ಮುಟ್ಟಿಸುವ ಆಸೆ ಅವಸರದ ಸುದ್ದಿಗೆ ಸೇರಿದುದಲ್ಲ. ಅಂಚೆಕಲೆಯ ಬಳಗಗಳು ಈಗಲೂ ಅನೇಕ ದೇಶಗಳಲ್ಲಿ ಕಾರ್ಡುಗಳನ್ನು ವಿನಿಮಯ ಮಾಡುತ್ತಲೇ ಇವೆ. ಹೋದ ಕಾಗದಕ್ಕೆ ಉತ್ತರ ಬಂದೇ ಬರುವುದೆಂದು ೧೮೭೪ರಲ್ಲಿ ಬರ್ನ್ ನಗರದಲ್ಲಿ ಕುಳಿತವರು ನಂಬಿದರು. ಆ ನಂಬಿಕೆಯನ್ನು ಉಳಿಸುವುದು ರಾಷ್ಟ್ರಗಳಿಗೆ ಸಾಧ್ಯವಾಗದೆ ಹೋದರೂ, ಬಂದ ಓಲೆಗೆ ಮರುಓಲೆ ಬರೆಯುವ ಮನೆಗಳಿಗೆ ಸಾಧ್ಯವಾಗುವುದು.